ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಕೇಳಿದರೆ ವೀಸಾಗೆ ತೊಂದರೆಯಾಗುತ್ತದೆಯೇ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ನಿಮ್ಮ ಪತಿ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಪೂರ್ಣಾವಧಿ ಪಿಎಚ್‌.ಡಿ. ವಿದ್ಯಾರ್ಥಿ. ನೀವು ಅವರ ಅವಲಂಬಿತ ವೀಸಾದಲ್ಲಿ ಬಂದು ಗೋದಾಮೊಂದರಲ್ಲಿ ಕೆಲಸ ಮಾಡುತ್ತಿದ್ದೀರಿ. ಕೌನ್ಸಿಲ್ ಟ್ಯಾಕ್ಸ್‌ನ, ಅಂದರೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆಯ, ಬಿಲ್ಲು ಶೇ 25ರಷ್ಟು ಮಾತ್ರ ಕಡಿತಗೊಂಡು ನಿಮ್ಮೊಬ್ಬರ ಹೆಸರಿಗೆ ಬಂದಿದೆ. ಇನ್ನೂ ಕಡಿಮೆ ಮಾಡಿ ಎಂದು ಕೇಳಿದರೆ ಸರ್ಕಾರದ ಹಣ ಪಡೆದಂತಾಗಿ ವೀಸಾಗೆ ಕುತ್ತು ಬರುತ್ತದೆ ಎಂದು ಪರಿಚಯದವರು ಹೆದರಿಸಿದ್ದಾರೆ. ಇದರ ನಡುವೆ ನಿಮ್ಮ ಅತ್ತೆಯವರು ಮೈಸೂರಿನಿಂದ ಐದು ತಿಂಗಳ ಮಟ್ಟಿಗೆ ಬರುವವರಿದ್ದಾರೆ, ಅವರು ಬಂದರೆ ಇರುವ ರಿಯಾಯಿತಿಯೂ ಹೋಗುತ್ತದೆಯೇ ಎಂಬ ಚಿಂತೆ ನಿಮಗಿದೆ.

ನಾನು ವಕೀಲನಲ್ಲ. ಹಲವು ವರ್ಷಗಳಿಂದ ಈ ತೆರಿಗೆಯನ್ನು ಕಟ್ಟುತ್ತ, ಹೊಸದಾಗಿ ಬಂದ ನಮ್ಮವರ ಬಿಲ್ಲುಗಳನ್ನು ಓದಿ ಹೇಳುತ್ತ ಬಂದವನು. ನೀವು ಹೇಳಿದ ಸಂಗತಿಗಳು ಸರಿಯಾಗಿದ್ದರೆ, ನನ್ನ ತಿಳಿವಳಿಕೆಯಂತೆ ನೀವು ಕಟ್ಟಬೇಕಾದ ಮೊತ್ತ ಶೇ 75 ಅಲ್ಲ, ಸೊನ್ನೆ. ಅದನ್ನು ಕೇಳುವುದರಿಂದ ವೀಸಾಗೆ ಧಕ್ಕೆಯಿಲ್ಲ. ಆದರೆ ಕೇಳುವಾಗ ಹೆಸರಿನ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಇಲ್ಲಿ ಒಂದೇ ಬಗೆಯದೆಂದು ತೋರುವ ಎರಡು ಬೇರೆ ಬೇರೆ ಸವಲತ್ತುಗಳಿವೆ, ನಿಮ್ಮನ್ನು ಹೆದರಿಸಿದವರು ಅವೆರಡನ್ನೂ ಒಂದೇ ಎಂದು ಭಾವಿಸಿದ್ದಾರೆ.

ಮೊದಲು ಈ ತೆರಿಗೆಯ ಸ್ವರೂಪವನ್ನು ತಿಳಿದರೆ ಉಳಿದದ್ದು ಸುಲಭ. ನಮ್ಮ ಊರುಗಳಲ್ಲಿ ಮನೆ ಕಂದಾಯವನ್ನು ಮಾಲೀಕರು ಕಟ್ಟುತ್ತಾರೆ, ಬಾಡಿಗೆದಾರರಿಗೆ ಅದರ ಗೊಡವೆಯೇ ಇರುವುದಿಲ್ಲ, ರಿಯಾಯಿತಿಯೆಂದರೆ ಏಪ್ರಿಲ್ ತಿಂಗಳಲ್ಲೇ ಕಟ್ಟಿದವರಿಗೆ ಸಿಗುವ ಶೇ 5 ಎಂದೇ ಹೆಚ್ಚಿನವರ ಮನಸ್ಸಿನಲ್ಲಿದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ವಾಸವಿರುವವರೇ ತೆರಿಗೆಗೆ ಹೊಣೆ. 1992ರ ಕಾಯ್ದೆಯಡಿ 1993ರ ಏಪ್ರಿಲ್‌ನಿಂದ ಜಾರಿಗೆ ಬಂದ ಈ ತೆರಿಗೆ, ಜನರು ಬೀದಿಗಿಳಿದು ವಿರೋಧಿಸಿದ ತಲೆಗಂದಾಯದ, ಅಂದರೆ ಪೋಲ್ ಟ್ಯಾಕ್ಸ್‌ನ, ಜಾಗದಲ್ಲಿ ಬಂದದ್ದು. ಮನೆಗೆ 1991ರ ಏಪ್ರಿಲ್ 1ರಂದು ಎಷ್ಟು ಬೆಲೆ ಬರುತ್ತಿತ್ತು ಎಂಬ ಅಂದಾಜಿನ ಮೇಲೆ ಎ ಯಿಂದ ಎಚ್ ವರೆಗಿನ ಎಂಟು ಬ್ಯಾಂಡ್‌ಗಳಲ್ಲಿ ಒಂದನ್ನು ಗೊತ್ತುಮಾಡುತ್ತಾರೆ, ಮೂವತ್ತು ವರ್ಷ ಕಳೆದರೂ ಆ ಹಳೆಯ ಬೆಲೆಯೇ ಆಧಾರವಾಗಿ ಉಳಿದಿರುವುದು ಈ ದೇಶದ ಸೋಜಿಗಗಳಲ್ಲಿ ಒಂದು. ಮನೆಯಲ್ಲಿ ಕನಿಷ್ಠ ಇಬ್ಬರು ವಯಸ್ಕರಿದ್ದಾರೆ ಎಂದು ಇಟ್ಟುಕೊಂಡು ಪೂರ್ತಿ ಬಿಲ್ಲನ್ನು ಹಾಕುತ್ತಾರೆ. ಲೆಕ್ಕಕ್ಕೆ ಬರುವ ವಯಸ್ಕರು ಒಬ್ಬರೇ ಆದರೆ ಶೇ 25, ಯಾರೂ ಲೆಕ್ಕಕ್ಕೆ ಬಾರದಿದ್ದರೆ ಶೇ 50 ಕಡಿತವಾಗುತ್ತದೆ; ಕೆಲವು ಸಂದರ್ಭಗಳಲ್ಲಿ ಪೂರ್ತಿ ವಿನಾಯಿತಿಯೇ ಇದೆ.

ಇಲ್ಲಿ ‘ಲೆಕ್ಕಕ್ಕೆ ಬರುವವರು’ ಎಂಬುದೇ ಮುಖ್ಯ. ಹದಿನೆಂಟು ತುಂಬದ ಮಕ್ಕಳು, ಪೂರ್ಣಾವಧಿ ವಿದ್ಯಾರ್ಥಿಗಳು, ಕೆಲವು ಅಪ್ರೆಂಟಿಸ್‌ಗಳು, ಷರತ್ತುಗಳಿಗೆ ಒಳಪಟ್ಟು ವಾರಕ್ಕೆ 35 ಗಂಟೆಗಳಷ್ಟು ಆರೈಕೆ ಮಾಡುವವರು ಮೊದಲಾದವರು ಆ ಮನೆಯಲ್ಲೇ ವಾಸವಿದ್ದರೂ ಕಾನೂನಿನ ಕಣ್ಣಿಗೆ ಇಲ್ಲದವರಂತೆ. ನಿಮ್ಮ ಕೌನ್ಸಿಲ್ ಮಾಡಿರುವುದೂ ಇದನ್ನೇ: ನಿಮ್ಮ ಪತಿಯನ್ನು ವಿದ್ಯಾರ್ಥಿಯೆಂದು ಬಿಟ್ಟು, ನಿಮ್ಮೊಬ್ಬರನ್ನು ಲೆಕ್ಕಕ್ಕೆ ಹಿಡಿದು ಶೇ 25 ಕಳೆದಿದೆ. ಆದರೆ ಅದೇ ನಿಯಮಗಳಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ವರ್ಗವಿದೆ. ವಿದ್ಯಾರ್ಥಿಯ ಪತಿ, ಪತ್ನಿ ಅಥವಾ ಅವಲಂಬಿತರು ಬ್ರಿಟಿಷ್ ಪ್ರಜೆಯಾಗಿರದೆ, ತಮ್ಮ ವೀಸಾದ ಷರತ್ತಿನಿಂದಾಗಿ ಸಂಬಳದ ಕೆಲಸ ಮಾಡಲು ಅಥವಾ ಸರ್ಕಾರಿ ಭತ್ಯೆಗಳನ್ನು ಪಡೆಯಲು ಅವಕಾಶವಿಲ್ಲದವರಾಗಿದ್ದರೆ, ಅವರೂ ಲೆಕ್ಕಕ್ಕೆ ಬರುವುದಿಲ್ಲ. ಈ ವಾಕ್ಯದ ಬೆಲೆಯೆಲ್ಲ ‘ಅಥವಾ’ ಎಂಬ ಒಂದು ಪದದಲ್ಲಿದೆ. ನಿಮಗೆ ಕೆಲಸ ಮಾಡಲು ಅನುಮತಿಯಿದೆ, ನಿಜ. ಆದರೆ ನಿಮ್ಮ ವೀಸಾದ ಮೇಲೆ ‘ನೋ ಪಬ್ಲಿಕ್ ಫಂಡ್ಸ್’ ಎಂಬ ಷರತ್ತಿದ್ದು, ಭತ್ಯೆ ಪಡೆಯಲು ಅವಕಾಶವಿಲ್ಲ. ಎರಡರಲ್ಲಿ ಒಂದು ನಿರ್ಬಂಧವಿದ್ದರೆ ಸಾಕು, ಎರಡೂ ಇರಬೇಕೆಂದು ನಿಯಮ ಹೇಳುವುದಿಲ್ಲ. ಆದ್ದರಿಂದ ನಿಮ್ಮ ಮನೆ ‘ಕ್ಲಾಸ್ ಎನ್’ ಎಂಬ ವಿದ್ಯಾರ್ಥಿ ವಿನಾಯಿತಿಗೆ ಪೂರ್ತಿಯಾಗಿ ಒಳಪಡಬೇಕು. ‘ನೀವು ಸಂಬಳ ಪಡೆಯುತ್ತಿದ್ದೀರಲ್ಲ’ ಎಂದು ದೂರವಾಣಿಯಲ್ಲಿ ಮಾತನಾಡುವ ಸಿಬ್ಬಂದಿ ಹೇಳಿಬಿಡುವುದುಂಟು, ಅದನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ಪತ್ರ ಅಥವಾ ಇಮೇಲ್ ಮೂಲಕ, ಈ ನಿಯಮವನ್ನು ಅದರ ಮಾತುಗಳಲ್ಲೇ ಉಲ್ಲೇಖಿಸಿ, ಪತಿಯ ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ ಮತ್ತು ವೀಸಾದ ಷರತ್ತು ಕಾಣುವ ದಾಖಲೆಯನ್ನು ಲಗತ್ತಿಸಿ ಕೇಳಿ. ನೀವಿಬ್ಬರೂ ಆ ಮನೆಗೆ ಬಂದ ದಿನದಿಂದಲೇ ಅನ್ವಯಿಸಬೇಕೆಂದು ಬರೆಯುವುದನ್ನು ಮರೆಯಬೇಡಿ.

ಇನ್ನು ವೀಸಾದ ಭಯ. ಮೇಲೆ ಹೇಳಿದ ಡಿಸ್ಕೌಂಟ್‌ಗಳೂ ವಿನಾಯಿತಿಗಳೂ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡುತ್ತವೆಯೇ ಹೊರತು ನಿಮ್ಮ ಆದಾಯವನ್ನಲ್ಲ. ಅವು ತೆರಿಗೆಯ ಲೆಕ್ಕದ ಭಾಗ, ಆದ್ದರಿಂದ ವಲಸೆ ನಿಯಮಗಳ ಅರ್ಥದಲ್ಲಿ ಪಬ್ಲಿಕ್ ಫಂಡ್ಸ್ ಅಲ್ಲ. ಆದರೆ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಎಂಬುದು, ಕೆಲವು ಕೌನ್ಸಿಲ್‌ಗಳು ‘ಕೌನ್ಸಿಲ್ ಟ್ಯಾಕ್ಸ್ ಸಪೋರ್ಟ್’ ಎಂದು ಕರೆಯುವಂಥದ್ದು, ಕಡಿಮೆ ಆದಾಯದವರಿಗೆ ಆದಾಯ ಮತ್ತು ಉಳಿತಾಯ ನೋಡಿ ಕೊಡುವ ನೆರವು. 2013ರಲ್ಲಿ ಹಳೆಯ ಕೌನ್ಸಿಲ್ ಟ್ಯಾಕ್ಸ್ ಬೆನಿಫಿಟ್‌ನ ಜಾಗಕ್ಕೆ ಬಂದದ್ದು. ಅದು ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿದೆ, ನೀವು ಅದಕ್ಕೆ ಅರ್ಜಿ ಹಾಕಬಾರದು. ಡಿಸ್ಕೌಂಟ್ ಎಂದರೂ ರಿಡಕ್ಷನ್ ಎಂದರೂ ನಮ್ಮ ಬಾಯಲ್ಲಿ ರಿಯಾಯಿತಿಯೇ ಆಗುವುದರಿಂದ ನಮ್ಮವರು ಒಂದೋ ಎರಡಕ್ಕೂ ಹೆದರಿ ಸುಮ್ಮನಾಗುತ್ತಾರೆ, ಇಲ್ಲವೇ ಎದುರಿಗೆ ಸಿಕ್ಕ ಅರ್ಜಿಯನ್ನು ತುಂಬಿಬಿಡುತ್ತಾರೆ. ಅರ್ಜಿಯಲ್ಲಿ ನಿಮ್ಮ ಸಂಬಳ, ಬ್ಯಾಂಕಿನಲ್ಲಿರುವ ಹಣ ಇವುಗಳನ್ನು ಕೇಳಲಾರಂಭಿಸಿದರೆ ನೀವು ತಪ್ಪು ಅರ್ಜಿಯನ್ನು ತೆರೆದಿದ್ದೀರಿ ಎಂದೇ ತಿಳಿದು ಅಲ್ಲಿಗೇ ನಿಲ್ಲಿಸಿ.

ನಾನೂ ಹೀಗೆ ಹೆದರಿದವರಲ್ಲಿ ಒಬ್ಬ. ಒಂಟಿಯಾಗಿ ಬಂದ ಮೊದಲ ವರ್ಷ, ಒಂದು ಕೋಣೆಯ ಪುಟ್ಟ ಫ್ಲ್ಯಾಟಿನಲ್ಲಿದ್ದುಕೊಂಡು, ಏಳು ತಿಂಗಳು ಪೂರ್ತಿ ತೆರಿಗೆಯನ್ನು ಕಟ್ಟಿದೆ. ಬಿಲ್ಲಿನ ಹಿಂಬದಿಯಲ್ಲಿ ಒಬ್ಬರೇ ಇರುವವರಿಗೆ ಶೇ 25 ಕಡಿತವೆಂದು ಅಚ್ಚಾಗಿದ್ದರೂ, ವೀಸಾದವರು ಅದನ್ನೆಲ್ಲ ಕೇಳಬಾರದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಬರೆದ ನಾಲ್ಕು ಸಾಲಿನ ಪತ್ರಕ್ಕೆ, ಹಿಂದೆ ಹೆಚ್ಚಾಗಿ ಕಟ್ಟಿದ್ದೆಲ್ಲ ಮುಂದಿನ ಕಂತುಗಳಿಗೆ ಜಮೆಯಾಯಿತು.

ಅತ್ತೆಯವರ ವಿಷಯಕ್ಕೆ ಬರೋಣ. ಒಬ್ಬರನ್ನು ಮನೆಯ ನಿವಾಸಿಯೆಂದು ಪರಿಗಣಿಸಲು ಆ ಮನೆ ಅವರ ಏಕೈಕ ಅಥವಾ ಮುಖ್ಯ ವಾಸಸ್ಥಳವಾಗಿರಬೇಕು. ಸಂದರ್ಶಕರ ವೀಸಾದಲ್ಲಿ ಬಂದು, ಮೈಸೂರಿನಲ್ಲಿ ತಮ್ಮ ಮನೆಯನ್ನು ಇಟ್ಟುಕೊಂಡು, ಐದು ತಿಂಗಳಿಗೆ ಮರಳುವವರಿಗೆ ಮೈಸೂರೇ ಮುಖ್ಯ ವಾಸಸ್ಥಳ. ನಿಮ್ಮ ಬಿಲ್ಲಿನಲ್ಲಿ ಅವರು ಅತಿಥಿಯಷ್ಟೇ. ಅವರು ಮರಳುವ ಟಿಕೆಟ್ಟಿನ ಪ್ರತಿಯನ್ನು ಇಟ್ಟುಕೊಂಡಿರಿ, ಕೇಳಿದರೆ ತೋರಿಸಬಹುದು. ಆದರೆ ಸ್ನೇಹಿತರೊಬ್ಬರು ಕೆಲಸ ಸಿಕ್ಕಿ ನಿಮ್ಮ ಇನ್ನೊಂದು ಕೋಣೆಗೆ ಬಂದು ನೆಲೆಸಿದರೆ ಅದು ಬೇರೆ ಮಾತು: ವಿನಾಯಿತಿ ಅಲ್ಲಿಗೆ ಮುಗಿಯುತ್ತದೆ, ನೀವು 21 ದಿನಗಳೊಳಗೆ ಕೌನ್ಸಿಲ್‌ಗೆ ತಿಳಿಸಬೇಕು, ತಿಳಿಸದಿದ್ದರೆ 70 ಪೌಂಡ್ ದಂಡ ಹಾಕುವ ಅಧಿಕಾರ ಅವರಿಗಿದೆ.

ಇದೇ ಪ್ರಶ್ನೆಯನ್ನು ಹುಡುಕಿಕೊಂಡು ಬರುವ ಇತರರಿಗಾಗಿ, ನಿಮಗೆ ನೇರವಾಗಿ ಸಂಬಂಧಿಸದ ಎರಡು ಮಾತುಗಳನ್ನು ಸೇರಿಸುತ್ತೇನೆ. ಮನೆಯಲ್ಲಿ ಅಂಗವೈಕಲ್ಯವಿರುವವರಿದ್ದು, ಅವರ ಅಗತ್ಯಕ್ಕಾಗಿ ಹೆಚ್ಚುವರಿ ಸ್ನಾನದ ಮನೆ ಅಥವಾ ಅಡುಗೆಮನೆ ಇದ್ದರೆ, ಅವರಿಗೆಂದೇ ಬಳಕೆಯಾಗುವ ಕೋಣೆಯಿದ್ದರೆ, ಅಥವಾ ಮನೆಯೊಳಗೆ ಗಾಲಿಕುರ್ಚಿ ಓಡಾಡುವಷ್ಟು ಜಾಗವಿದ್ದರೆ, ಬಿಲ್ಲನ್ನು ಒಂದು ಬ್ಯಾಂಡ್ ಕೆಳಗಿಳಿಸುತ್ತಾರೆ. ಡಿ ಬ್ಯಾಂಡಿನವರು ಸಿ ಬ್ಯಾಂಡಿನವರಂತೆ ಒಂಬತ್ತರಲ್ಲಿ ಎಂಟು ಪಾಲು ಕಟ್ಟಿದರೆ ಸಾಕು. ಎರಡನೆಯದು, ಮರೆವಿನ ಕಾಯಿಲೆಯಿರುವ ಹಿರಿಯರದು. ‘ತೀವ್ರ ಮಾನಸಿಕ ದುರ್ಬಲತೆ’ ಎಂಬ ಅರ್ಥದ ಕಾನೂನಿನ ಪದವನ್ನು ನೋಡಿ, ನಮ್ಮ ತಂದೆಗೆ ಅಂಥದ್ದೇನೂ ಇಲ್ಲವೆಂದು ಮುಖ ತಿರುಗಿಸುವ ಕುಟುಂಬಗಳಿವೆ. ಆ ಪದದ ವ್ಯಾಪ್ತಿಗೆ ಡಿಮೆನ್ಷಿಯಾ ಕೂಡ ಬರಬಹುದು. ವೈದ್ಯರ ಪ್ರಮಾಣಪತ್ರವಿದ್ದು, ಅಟೆಂಡೆನ್ಸ್ ಅಲೊವೆನ್ಸ್‌ನಂತಹ ನಿಗದಿತ ಭತ್ಯೆಗಳಲ್ಲಿ ಒಂದಕ್ಕೆ ಅರ್ಹರಾಗಿದ್ದರೆ ಅವರು ಲೆಕ್ಕಕ್ಕೆ ಬರುವುದಿಲ್ಲ, ಒಬ್ಬರೇ ವಾಸಿಸುತ್ತಿದ್ದರೆ ತೆರಿಗೆಯೇ ಇಲ್ಲ. ಹೆಸರಿನ ಮುಜುಗರಕ್ಕೆ ವರ್ಷಗಟ್ಟಲೆ ನೂರಾರು ಪೌಂಡ್ ತೆರುವುದು ನನಗೆ ಸರಿಕಾಣುವುದಿಲ್ಲ. ಮೇಲಿನದೆಲ್ಲ ಇಂಗ್ಲೆಂಡಿನ ಮಾತು. ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ವಿವರಗಳು ಬೇರೆ, ಉತ್ತರ ಐರ್ಲೆಂಡಿನಲ್ಲಂತೂ ಕೌನ್ಸಿಲ್ ಟ್ಯಾಕ್ಸ್ ಎಂಬುದೇ ಇಲ್ಲ.

ಕೌನ್ಸಿಲ್ ನಿಮ್ಮ ಪತ್ರಕ್ಕೆ ಒಪ್ಪದಿದ್ದರೆ, ಅಥವಾ ಎರಡು ತಿಂಗಳಾದರೂ ಉತ್ತರಿಸದಿದ್ದರೆ, ನೀವು ಇಂಥ ತಕರಾರುಗಳನ್ನು ತೀರ್ಮಾನಿಸುವ ವ್ಯಾಲ್ಯುಯೇಶನ್ ಟ್ರಿಬ್ಯೂನಲ್‌ ಎಂಬ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಿರಾಕರಣೆಯ ಪತ್ರ ಬಂದ ಎರಡು ತಿಂಗಳೊಳಗೆ ಸಲ್ಲಿಸಬೇಕು. ಅಲ್ಲಿಯವರೆಗೆ ಈಗಿನ ಬಿಲ್ಲಿನ ಕಂತುಗಳನ್ನು ತಪ್ಪದೆ ಕಟ್ಟುತ್ತಿರಿ, ಏಕೆಂದರೆ ಕಂತು ತಪ್ಪಿದರೆ ಮೊದಲು ಜ್ಞಾಪನಾ ಪತ್ರ, ಆಮೇಲೆ ಕೋರ್ಟಿನ ಸಮನ್ಸ್, ಅದರ ವೆಚ್ಚವೂ ನಿಮ್ಮ ತಲೆಗೆ. ತೀರ್ಮಾನ ನಿಮ್ಮ ಪರವಾದರೆ ಕಟ್ಟಿದ್ದು ವಾಪಸು ಬರುತ್ತದೆ. ಪತಿಯ ವಿದ್ಯಾರ್ಥಿ ಪ್ರಮಾಣಪತ್ರದಲ್ಲಿ ಕೋರ್ಸ್ ಮುಗಿಯುವ ದಿನಾಂಕವನ್ನು ಈಗಲೇ ನೋಡಿಟ್ಟುಕೊಳ್ಳಿ: ಪದವಿ ಪ್ರದಾನ ಸಮಾರಂಭ ಎಂದೇ ನಡೆಯಲಿ, ಅದಕ್ಕೆ ಕಾಯದೆ, ಆ ದಿನಾಂಕದ ಮರುದಿನದಿಂದಲೇ ಬಿಲ್ಲು ಶುರುವಾಗುತ್ತದೆ.