ತಂದೆ-ತಾಯಿಯ ಪಾಲು ನಿಜಕ್ಕೂ ಸರಿಸಮವೇ?

ಓದುಗರೊಬ್ಬರ ಪತ್ರ: ಮಗುವಿಗೆ 23 ವರ್ಣತಂತು ತಾಯಿಯಿಂದ, 23 ತಂದೆಯಿಂದ ಬರುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ‘ಹಾಗಾದರೆ ಇಬ್ಬರದೂ ಸರಿಯಾಗಿ ಅರ್ಧರ್ಧವಾ?’ ಎಂದು ಹತ್ತನೇ ತರಗತಿಯ ನನ್ನ ಮಗಳು ಕೇಳುತ್ತಿದ್ದಾಳೆ. ಏನು ಹೇಳಲಿ?

ಸಂಪಾದಕರ ಉತ್ತರ: ಅರ್ಧರ್ಧವಲ್ಲ, ತಾಯಿಯ ಪಾಲು ತುಸು ಹೆಚ್ಚು ಎಂದು ಹೇಳಿ. ನಾವು ಕೊಟ್ಟದ್ದು ವರ್ಣತಂತುಗಳಿರುವ ಕೋಶಕೇಂದ್ರದೊಳಗಿನ ಲೆಕ್ಕ ಮಾತ್ರ. ಅಲ್ಲಿಗೇ ನಿಲ್ಲಿಸಿದ್ದು ನಮ್ಮ ತಪ್ಪು. ಕೋಶಕೇಂದ್ರದಲ್ಲೂ ಗಂಡುಮಕ್ಕಳ ಲೆಕ್ಕ ಪೂರ್ತಿ ಸಮವಲ್ಲ: ತಾಯಿ ಕೊಡುವ ಎಕ್ಸ್‌ಗಿಂತ ತಂದೆ ಕೊಡುವ ವೈ ವರ್ಣತಂತು ಬಹಳ ಚಿಕ್ಕದು.

ನಿಜವಾದ ವ್ಯತ್ಯಾಸ ಇರುವುದು ಕೋಶಕೇಂದ್ರದ ಹೊರಗೆ, ಮೈಟೊಕಾಂಡ್ರಿಯದಲ್ಲಿ. ಉಂಡ ಅನ್ನದ ಸಕ್ಕರೆ, ಕೊಬ್ಬನ್ನು ಉಸಿರಿನ ಆಮ್ಲಜನಕದ ನೆರವಿನಿಂದ ಒಡೆದು, ಜೀವಕೋಶ ಬಳಸಬಲ್ಲ ಎಟಿಪಿ ಎಂಬ ಶಕ್ತಿ ತುಂಬಿದ ಅಣುವನ್ನು ತಯಾರಿಸುವ ಜಾಗ ಅದು. ಅದಕ್ಕೆ ತನ್ನದೇ ಡಿಎನ್‌ಎ ಇದೆ. ಬ್ಯಾಕ್ಟೀರಿಯಾದ ಡಿಎನ್‌ಎ ಹಾಗೆ ಬಳೆಯಂತೆ ದುಂಡಗೆ, 16,569 ಜೋಡಿ ರಾಸಾಯನಿಕ ‘ಅಕ್ಷರ’, 37 ಜೀನ್. ಈ ಹೋಲಿಕೆಗೆ ಕಾರಣವಿದೆ. ಕೋಟ್ಯಂತರ ವರ್ಷಗಳ ಹಿಂದೆ ಮತ್ತೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿದುಬಿಟ್ಟ ಬ್ಯಾಕ್ಟೀರಿಯಾದ ಸಂತತಿಯೇ ಮೈಟೊಕಾಂಡ್ರಿಯ. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಈ ವಾದವನ್ನು ಸಾಕ್ಷ್ಯಗಳೊಂದಿಗೆ ಮಂಡಿಸಿದಾಗ ಒಪ್ಪಿದವರು ಕಡಿಮೆ. ಇಂದು ಅದು ಪಠ್ಯಪುಸ್ತಕದ ಮಾತು.

ಕೋಶ ವಿಭಜನೆಯಾಗುವಾಗ ವರ್ಣತಂತುಗಳು ಸಾಲಾಗಿ ನಿಂತು, ಎಣಿಸಿಟ್ಟಂತೆ ಎರಡೂ ಮರಿಕೋಶಗಳಿಗೆ ಹಂಚಿಹೋಗುತ್ತವೆ. ಮೈಟೊಕಾಂಡ್ರಿಯಗಳಿಗೆ ಆ ಶಿಸ್ತಿಲ್ಲ. ತಮ್ಮ ಪಾಡಿಗೆ ತಾವು ಹೆಚ್ಚುತ್ತಿರುತ್ತವೆ. ಕೋಶ ಸೀಳಿದಾಗ ಯಾವ ಬದಿಯಲ್ಲಿದ್ದವೋ ಆ ಬದಿಗೆ ಸೇರುತ್ತವೆ. ವೀರ್ಯಾಣುವಿನಲ್ಲೂ ಅವು ಇರುತ್ತವೆ, ಬಾಲ ಬಡಿಯಲು ಶಕ್ತಿ ಬೇಕಲ್ಲ! ಆದರೆ ಅಂಡಾಣುವನ್ನು ಹೊಕ್ಕ ಮೇಲೆ ಅವು ನಾಶವಾಗುತ್ತವೆ. ಹಾಗಾಗಿ ನಿಮ್ಮ ಮಗಳ ಮೈಟೊಕಾಂಡ್ರಿಯ ನಿಮ್ಮ ಮನೆಯ ತಾಯಂದಿರ ಸಾಲಿನದು: ಅವಳ ತಾಯಿ, ತಾಯಿಯ ತಾಯಿ, ಅವರ ತಾಯಿ.

ಒಂದು ಎಚ್ಚರಿಕೆ ಹೇಳಲೇಬೇಕು. ಮೈಟೊಕಾಂಡ್ರಿಯದ ಕಾಯಿಲೆ ಎಂದೊಡನೆ ತಾಯಿಯತ್ತ ಬೆರಳು ತೋರಿಸುವವರಿದ್ದಾರೆ. ಅದು ಅನ್ಯಾಯ, ವಿಜ್ಞಾನವೂ ಅಲ್ಲ. ಆ 37 ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಸಲು ಸೂಚನೆ ಕೊಡುವವು ಬರೀ 13. ಮೈಟೊಕಾಂಡ್ರಿಯಕ್ಕೆ ಬೇಕಾದ ಉಳಿದ ನೂರಾರು ಪ್ರೋಟೀನ್‌ಗಳ ಸೂಚನೆ ಕೋಶಕೇಂದ್ರದಲ್ಲಿದೆ, ಅದು ತಂದೆ-ತಾಯಿ ಇಬ್ಬರಿಂದಲೂ ಬಂದದ್ದು. ದೋಷ ಎರಡರಲ್ಲಿ ಎಲ್ಲಿಯಾದರೂ ಇರಬಹುದು.

ಮಗಳಿಗೆ ತಮ್ಮನಿದ್ದರೆ ಅವನಿಗೂ ಇದೇ ಮೈಟೊಕಾಂಡ್ರಿಯ ಬಂದಿರುತ್ತದೆ. ಅವನ ಮಕ್ಕಳಿಗೆ ಮಾತ್ರ ಅವನಿಂದ ಹೋಗುವುದಿಲ್ಲ. ಅವಳ ಮಕ್ಕಳಿಗೆ ಅವಳಿಂದ ಹೋಗುತ್ತದೆ.