ಹ್ಯೂಮನೈಸ್ ಒತ್ತಿದರೂ ಬೀಟ್‌ಗೆ ಗ್ರೂವ್ ಯಾಕೆ ಬರುವುದಿಲ್ಲ?

ಮ್ಯೂಸಿಕ್ ಸಾಫ್ಟ್‌ವೇರ್‌ನ ಗ್ರಿಡ್ (ಸಮ ಅಂತರದ ಸಮಯದ ಗೆರೆಗಳು) ಮೇಲೆ ಕರಾರುವಾಕ್ಕಾಗಿ ಕೂರಿಸಿದ ಡ್ರಮ್ ಬೀಟ್ ಸಪ್ಪೆಯಾಗಿದೆ, ಮನುಷ್ಯ ಬಾರಿಸಿದಂತೆ ಕೇಳಿಸಲೆಂದು ಇರುವ ಹ್ಯೂಮನೈಸ್ ಬಟನ್ ಒತ್ತಿದರೂ ತಲೆ ಆಡಿಸಬೇಕು ಅನ್ನಿಸುತ್ತಿಲ್ಲ ಅಂತ ಕೇಳಿದ್ದೀರಿ. ಟೈಮಿಂಗ್ ವಿಷಯದಲ್ಲಿ ಹ್ಯೂಮನೈಸ್ ಮಾಡುವುದು ಇಷ್ಟೇ: ಒಂದೊಂದು ಪೆಟ್ಟನ್ನೂ ಯಾವ ಕ್ರಮವೂ ಇಲ್ಲದೆ ಕೆಲವು ಮಿಲಿಸೆಕೆಂಡ್ ಆಚೀಚೆ ಸರಿಸುತ್ತದೆ. ಒಳ್ಳೆಯ ಡ್ರಮ್ಮರ್ ಹಾಗೆ ಬಾರಿಸುವುದಿಲ್ಲ. ಅವರ ಸ್ನೇರ್ (ಚುರುಕಾಗಿ ಚಟ್ ಎನ್ನುವ ಡ್ರಮ್) ತಡವಾಗಿ ಬಿದ್ದರೆ ಪ್ರತಿ ಸುತ್ತಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ತಡ. ಯಾವ ವಾದ್ಯ ಮುಂದೆ, ಯಾವುದು ಹಿಂದೆ ಅನ್ನುವುದನ್ನು ಕಿವಿ ನಮಗೆ ಗೊತ್ತಾಗದ ಹಾಗೆ ಹಿಡಿದುಬಿಡುತ್ತದೆ.

ಜರ್ಮನಿಯ ಗೋಟಿಂಗೆನ್‌ನ ಸಂಶೋಧಕರು ಜಾಜ್ ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದ್ದಾರೆ. 2019ರ ಪ್ರಯೋಗದಲ್ಲಿ ವಾದಕರ ಸಣ್ಣ ಏರುಪೇರುಗಳನ್ನೆಲ್ಲ ಅಳಿಸಿ ಕೇಳಿಸಿದರು. ಸ್ವಿಂಗ್, ಅಂದರೆ ಜಾಜ್‌ನ ಆ ತೂಗಾಡುವ ಲಯ, ಕಡಿಮೆಯಾಗಲಿಲ್ಲ! 2022ರಲ್ಲಿ ಬೇರೆ ದಾರಿ ಹಿಡಿದರು. ಸೋಲೋದಲ್ಲಿ ಬೀಟ್ ಮೇಲೆ ಬೀಳುವ ಸ್ವರಗಳನ್ನು ಮಾತ್ರ ಸುಮಾರು 30 ಮಿಲಿಸೆಕೆಂಡ್ ತಡಮಾಡಿ, ಬೀಟುಗಳ ನಡುವಿನ ಸ್ವರಗಳನ್ನು ಡ್ರಮ್ಸ್ ಜೊತೆಗೇ ಬಿಟ್ಟರು. ಜಾಜ್ ವಾದಕರಿಗೆ ಅದೇ ಜಾಸ್ತಿ ಸ್ವಿಂಗ್ ಅನ್ನಿಸಿತು. ಈ ಫಲಿತಾಂಶ ನನಗೆ ತುಂಬ ಇಷ್ಟ. ಏರುಪೇರು ಇದ್ದರೆ ಸಾಲದು, ಅದಕ್ಕೊಂದು ಕ್ರಮ ಬೇಕು ಅಂತಾಯಿತಲ್ವಾ?

ಡೆಟ್ರಾಯ್ಟ್‌ನ ಹಿಪ್-ಹಾಪ್ ಬೀಟ್ ತಯಾರಕ ಜೆ ಡಿಲ್ಲಾ ಕ್ವಾಂಟೈಸ್ (ಪೆಟ್ಟುಗಳನ್ನು ತಾನಾಗಿ ಗ್ರಿಡ್‌ಗೆ ಕೂರಿಸುವ ಸೌಲಭ್ಯ) ಆಫ್ ಮಾಡಿ ತೋಚಿದಂತೆ ಬಾರಿಸುತ್ತಿದ್ದರು ಅನ್ನುವ ಮಾತನ್ನೂ ನಾನು ಹಾಗಾಗಿಯೇ ಒಪ್ಪುವುದಿಲ್ಲ. ಅವರು ಬೀಟ್ ಕಟ್ಟುತ್ತಿದ್ದ ಎಂಪಿಸಿ ಯಂತ್ರದಲ್ಲಿ ಲೂಪ್ ತಿರುಗಿದಾಗ ಅದೇ ಓರೆ ಅದೇ ಜಾಗಕ್ಕೆ ಮರಳುತ್ತದೆ. ಮೊದಲ ಸುತ್ತಿನಲ್ಲಿ ಎಡವಿದಂತೆ ಕೇಳಿದ್ದು ಮೂರನೇ ಸುತ್ತಿಗೆ ಆ ಬೀಟಿನ ನಡಿಗೆಯೇ ಆಗಿರುತ್ತದೆ.

ಈಗ ನಿಮ್ಮ ಬೀಟ್‌ಗೆ ಬರೋಣ. ಹ್ಯೂಮನೈಸ್ ತೆಗೆಯಿರಿ. ಟೆಂಪೋ ನಿಮಿಷಕ್ಕೆ 90 ಬೀಟ್ ಇದೆ ಅಂದುಕೊಳ್ಳಿ. ಒಂದು ಬೀಟ್‌ಗೆ ಹೈ-ಹ್ಯಾಟ್‌ನ (ಜೋಡಿ ತಾಳದ) ನಾಲ್ಕು ಪೆಟ್ಟು ಇದ್ದರೆ ಎರಡೆರಡರ ಪ್ರತಿ ಜೋಡಿಗೆ 333 ಮಿಲಿಸೆಕೆಂಡ್ ಸಿಗುತ್ತದೆ. ಸ್ವಿಂಗ್ ಸೆಟ್ಟಿಂಗ್ ಜೋಡಿಯ ಎರಡನೇ ಪೆಟ್ಟನ್ನು ತಡಮಾಡುತ್ತದೆ; ಅದು ಶೇ. 50 ಇದ್ದರೆ ಆ ಪೆಟ್ಟು 167ನೇ ಮಿಲಿಸೆಕೆಂಡ್‌ಗೆ ಬೀಳುತ್ತದೆ. 58ಕ್ಕೆ ಏರಿಸಿದರೆ 193ಕ್ಕೆ, ಅಂದರೆ 26-27 ಮಿಲಿಸೆಕೆಂಡ್ ತಡ. ಇದು ಎಂಪಿಸಿಯ ಲೆಕ್ಕ, ಅಲ್ಲಿ 50 ಅಂದರೆ ನೇರ. ಕೆಲವು ಸಾಫ್ಟ್‌ವೇರ್‌ಗಳು ಸೊನ್ನೆಯಿಂದ ಎಣಿಸುತ್ತವೆ, ನೋಡಿಕೊಳ್ಳಿ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಗ್ರಿಡ್ ಮೇಲೇ ಇರಲಿ. ಸ್ನೇರ್ ಅನ್ನು ಪ್ರತಿ ಸಲವೂ 10 ಮಿಲಿಸೆಕೆಂಡ್ ತಡವಾಗಿ ಬೀಳಿಸಿ. ಕಣ್ಣು ಸ್ಕ್ರೀನ್ ಮೇಲಿಡದೆ ಎರಡು ನಿಮಿಷ ಕೇಳಿ.

ಆಗಲೂ ಸಪ್ಪೆ ಅನ್ನಿಸಿದರೆ ತೊಂದರೆ ಟೈಮಿಂಗ್‌ನಲ್ಲಿಲ್ಲ, ಪ್ಯಾಟರ್ನ್‌ನಲ್ಲೇ ಇದೆ. ಪೆಟ್ಟುಗಳೆಲ್ಲ ಬೀಟ್ ಮೇಲೇ ಬೀಳುತ್ತಿದ್ದರೆ ಮಿಲಿಸೆಕೆಂಡ್ ತಿದ್ದಿ ಏನೂ ಆಗುವುದಿಲ್ಲ. ಮೂರನೇ ಬೀಟಿನ ಕಿಕ್ ಅನ್ನು ಅರ್ಧ ಬೀಟ್ ಮುಂಚೆ ತನ್ನಿ, ಆಮೇಲೆ ಮತ್ತೆ ಸ್ವಿಂಗ್ ಮುಟ್ಟಿ.