ಬೆಂಜಮಿನ್ ಬಾಯಿಬಿಡುವ ಗಳಿಗೆ ನೋಡಿ

ಆರ್ವೆಲ್‌ನ ‘ಅನಿಮಲ್ ಫಾರ್ಮ್’ (1945) ಅನ್ನೋ ಪ್ರಾಣಿಗಳ ರೂಪಕ ಕಾದಂಬರಿಯ ಬಗ್ಗೆ ಪ್ರಬಂಧ ಬರೆಯುವಾಗ ಕುದುರೆ ಬಾಕ್ಸರ್ ಅಂದ್ರೆ ದುಡಿಯುವ ವರ್ಗ, ಎಲ್ಲರನ್ನೂ ಆಳುವ ಹಂದಿ ನೆಪೋಲಿಯನ್ ಅಂದ್ರೆ ಸ್ಟಾಲಿನ್ ಅಂತ ಹೇಳಿದ ಮೇಲೆ ಮುಂದೇನು ಅಂತ ಕೇಳಿದ್ದೀರಿ. ಆ ಸಮೀಕರಣವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡಿ. ಪಾತ್ರ ಏನು ಮಾಡುತ್ತೆ, ಏನು ಮಾಡದೆ ಬಿಡುತ್ತೆ ಅನ್ನೋದರಲ್ಲಿ ಆಶಯ ಹುಡುಕಿ.

ಕತ್ತೆ ಬೆಂಜಮಿನ್‌ನನ್ನೇ ನೋಡಿ. ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲ, ಆದರೆ ಓದುವಂಥದ್ದೇನೂ ಇಲ್ಲ ಅಂತ ಸುಮ್ಮನಿರ್ತಾನೆ. ಕಾಯಿಲೆ ಬಿದ್ದ ಬಾಕ್ಸರ್‌ನನ್ನು ಗಾಡಿಯಲ್ಲಿ ಒಯ್ಯುವಾಗ ಉಳಿದ ಪ್ರಾಣಿಗಳು ಸುತ್ತ ನಿಂತು ಬೀಳ್ಕೊಡ್ತಿವೆ. ಆಗ ಗಾಡಿಯ ಮೇಲಿನ ಅಕ್ಷರ ಓದಿ ಹೇಳೋನು ಇದೇ ಬೆಂಜಮಿನ್: ಅದು ಕುದುರೆ ಕಡಿಯುವವನ ಗಾಡಿ. ಅಷ್ಟರಲ್ಲಿ ಹೊತ್ತು ಮೀರಿದೆ. ತಿಳಿದವರ ಮೌನಕ್ಕೂ ಆ ಸಾವಿನಲ್ಲಿ ಪಾಲಿದೆ ಅನ್ನೋದನ್ನ ಈ ದೃಶ್ಯವೇ ಹೇಳುತ್ತೆ. ಎಷ್ಟು ಸಲ ಓದಿದರೂ ನನಗೆ ಇಲ್ಲಿ ಗಂಟಲು ಕಟ್ಟುತ್ತೆ.

ಬಾಕ್ಸರ್‌ನನ್ನೂ ‘ಮುಗ್ಧ’ ಅಂತಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ನೆಪೋಲಿಯನ್ ಓಡಿಸಿದ ಹಂದಿ ಸ್ನೋಬಾಲ್ ಮೊದಲಿನಿಂದಲೂ ದ್ರೋಹಿ ಅಂದಾಗ ಬಾಕ್ಸರ್ ಒಪ್ಪೋದಿಲ್ಲ, ಎದುರು ಮಾತಾಡ್ತಾನೆ. ನೆಪೋಲಿಯನ್ನೇ ಹೇಳಿದ್ದು ಅಂದ ಕೂಡಲೇ ಅನುಮಾನವನ್ನು ನುಂಗಿಕೊಳ್ತಾನೆ. ನಿಮ್ಮ ಪ್ರಬಂಧವನ್ನು ಆ ನುಂಗಿಕೊಳ್ಳುವ ಗಳಿಗೆಯಿಂದಲೇ ಶುರು ಮಾಡಿ.